ಮುಐದರಿನಲ್ಲಿ ಒಂದು ಅಧಿವೇಶನ

ಬೊನವೆಂಚರ್ ಪಿಂಟೊ ಪಟ್ಟಿ ಕಂಡರೆ ಬಿಡುವ ಆಸಾಮಿಯಲ್ಲ. ಇಗರ್ಜಿಯ ವಂತಿಗೆದಾರರ ಪಟ್ಟಿ, ವಿಮಾನದಲ್ಲಿ ಏನೇನು ಒಯ್ಯಬಾರದೆಂಬ ಪಟ್ಟಿ, ಕೆಮ್ಮಿನ ಔಷಧದ ಜೊತೆ ಬರುವ ಚೀಟಿಯಲ್ಲಿನ ಅಡ್ಡಪರಿಣಾಮಗಳ ಪಟ್ಟಿ, ಯಾವುದೇ ಆಗಲಿ, ಮೊದಲಿನಿಂದ ಕೊನೆಯವರೆಗೆ ಓದಿದರೇ ಅವನಿಗೆ ನೆಮ್ಮದಿ. ಇಪ್ಪತ್ತೆರಡು ವರ್ಷದಿಂದ ದೋಹಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಕಟ್ಟಡ ಕಂಪನಿಯಲ್ಲಿ ಅವನು ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳು ಬರೆದ ನಕ್ಷೆಗಳಿಗೆ ನಂಬರು ಕೊಟ್ಟು, ಬಂದದ್ದು, ಹೋದದ್ದು, ಮಂಜೂರಾದದ್ದು, ರದ್ದಾದದ್ದು ಎಂದು ಮೊಹರು ಒತ್ತಿ, ಅದರದರ ಫೈಲಿಗೆ ಸೇರಿಸುವುದು ಅವನ ಕೆಲಸ. ಅವನ ಕೈಗೆ ಬಂದ ಕಾಗದ ಒಂದೂ ಕಳೆದುಹೋದದ್ದಿಲ್ಲ. ಆಗಾಗ ಕಳೆದುಹೋಗುತ್ತಿದ್ದವನು ಅವನೇ. ಮೊಹರು ಎತ್ತಿ ಹಿಡಿದವನು ಕಿಟಕಿಯಾಚೆಯ ಬಿಳಿ ಧೂಳನ್ನೇ ನೋಡುತ್ತ ಕಾಲು ಗಂಟೆ ಕೂತುಬಿಡುತ್ತಿದ್ದ. ಒಮ್ಮೆ ತನ್ನ ಬುತ್ತಿಯ ಪೊಟ್ಟಣಕ್ಕೇ 'ರದ್ದಾಗಿದೆ' ಎಂದು ಮೊಹರು ಒತ್ತಿ, ಆಮೇಲೆ ಅದನ್ನು ತಿನ್ನಬಹುದೋ ಬಾರದೋ ತಿಳಿಯದೆ ಸಂಜೆಯವರೆಗೆ ಹಸಿದುಕೊಂಡಿದ್ದ.

ಇಂಥವನ ಕಣ್ಣಿಗೆ ಮೇ ತಿಂಗಳ ಒಂದು ಶುಕ್ರವಾರ ಆಫ್ರಿಕದ ಒಂದು ದೇಶದ ಹೊಸ ಸಂಸದರ ಪಟ್ಟಿ ಬಿತ್ತು. ಆ ದೇಶದ ಹೆಸರನ್ನು ಹೇಳುವುದು ಬೇಡ. ಪಾಪ, ಆಗಷ್ಟೇ ಬಹುಪಕ್ಷ ಚುನಾವಣೆ ಮುಗಿಸಿ ಸುಸ್ತಾಗಿದ್ದ ದೇಶ. ಒಟ್ಟು ನೂರಿಪ್ಪತ್ತು ಹೆಸರು. ಬೇರೆ ಯಾರಾದರೂ ಆಗಿದ್ದರೆ ಮೂರನೆಯ ಹೆಸರಿಗೇ ಫೋನು ಕೆಳಗಿಡುತ್ತಿದ್ದರು. ಬೊನವೆಂಚರ್ ಓದುತ್ತಾ ಹೋದ. ಫೆರ್ನಾಂಡಿಸ್, ಲೋಬೊ, ಮಿನೇಜಸ್, ಸಲ್ಡಾನ್ಹಾ, ಮತ್ತೆ ಫೆರ್ನಾಂಡಿಸ್. ಊರಿನ ಇಗರ್ಜಿಯಲ್ಲಿ ಭಾನುವಾರ ಬೆಂಚು ಬೆಂಚಾಗಿ ಕೂತವರನ್ನೇ ಎಬ್ಬಿಸಿಕೊಂಡು ಹೋಗಿ ಪಾರ್ಲಿಮೆಂಟು ಮಾಡಿದ್ದಾರೋ ಎನ್ನಿಸಿತು. ಪೋರ್ಚುಗೀಸರು ಆಳಿದ ದೇಶದಲ್ಲಿ ಇಂಥ ಹೆಸರುಗಳು ಸಹಜವೆಂದು ಚರಿತ್ರೆ ಓದಿದವರಿಗೆ ಹೊಳೆಯುತ್ತಿತ್ತು. ಚರಿತ್ರೆಯ ಪಿರಿಯಡ್ಡಿನಲ್ಲಿಯೂ ಬೊನವೆಂಚರ್ ಕಿಟಕಿಯಾಚೆ ನೋಡುತ್ತಿದ್ದವನು. ಎಂಭತ್ತೇಳನೆಯ ಹೆಸರಿಗೆ ಬಂದಾಗ ಅವನು ಫೋನನ್ನು ಕಣ್ಣಿನ ಹತ್ತಿರ ತಂದ. ಐ. ಪಿಂಟೊ.

ಅವನ ಅಜ್ಜನಿಗೊಬ್ಬ ತಮ್ಮನಿದ್ದ, ಇನಾಸ್ ಪಿಂಟೊ ಎಂದು. ದರ್ಜಿ ಕೆಲಸ ಬಲ್ಲವನು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ತಾನೇ ಹೊಲಿದ ಬಿಳಿ ಕೋಟು ತೊಟ್ಟು ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿ ಎಂಬ ಹಾಯಿಹಡಗು ಹತ್ತಿ ಮುಂಬಯಿಗೆ ಹೋದ, ಅಲ್ಲಿಂದ ಹಡಗಿನಲ್ಲಿ ಆಫ್ರಿಕಕ್ಕೆ. ಅದೇ ವರ್ಷ ಎರಡು ಕಾಗದ ಬಂದವು. ಆಮೇಲೆ ಎಪ್ಪತ್ತೊಂಬತ್ತು ವರ್ಷ ಏನೂ ಬರಲಿಲ್ಲ. ಅವನ ತಾಯಿ ಒಂದು ಕಟ್ಟಪ್ಪಣೆ ಮಾಡಿ ಕಣ್ಣು ಮುಚ್ಚಿದ್ದಳು: ಸುದ್ದಿ ಬರುವ ತನಕ ನನ್ನ ಮಗನ ಹೆಸರನ್ನು ಸತ್ತವರ ಪಟ್ಟಿಗೆ ಸೇರಿಸಬೇಡಿ. ನವೆಂಬರ್ ಎರಡರಂದು ಸತ್ತವರ ಹಬ್ಬ. ಅಂದಿನ ಪೂಜೆಗೆ ಪ್ರತಿ ಮನೆಯವರೂ ತಮ್ಮ ಮೃತರ ಹೆಸರು ಬರೆದು ಪಾದ್ರಿಗಳಿಗೆ ಕೊಡುತ್ತಾರೆ. ಪಿಂಟೊ ಮನೆತನದ ಚೀಟಿ ವರ್ಷ ವರ್ಷವೂ ಉದ್ದವಾಗುತ್ತಾ ಹೋದರೂ ಅದರಲ್ಲಿ ಇನಾಸ್ ಇರಲಿಲ್ಲ. ಬದುಕಿರುವವರ ಲೆಕ್ಕದಲ್ಲಂತೂ ಇಲ್ಲವೇ ಇಲ್ಲ.

ಆ ಅಪ್ಪಣೆಯನ್ನು ಕಾಯುತ್ತಿದ್ದವಳು ಬೊನವೆಂಚರನ ಸೋದರತ್ತೆ ಮರೀನಾ. ಚಿಕ್ಕಪ್ಪ ಮಂಜಿ ಹತ್ತುವಾಗ ಏಳು ವರ್ಷದವಳಾಗಿ ಬಂದರಿನಲ್ಲಿ ನಿಂತು ನೋಡಿದವಳು, ಈಗ ಎಂಭತ್ತಾರರ ಮುದುಕಿ, ಊರಿನಲ್ಲಿ ಬೊನವೆಂಚರನ ತಮ್ಮ ಗ್ಯಾವಿನ್‌ನ ಮನೆಯಲ್ಲಿ ಅವನ ಮಕ್ಕಳ ನಡುವೆ ಇದ್ದಾಳೆ. ಇತ್ತೀಚೆಗೆ ಅವಳಿಗೆ ಭಯ ಹಿಡಿದಿತ್ತು. ಚಿಕ್ಕಪ್ಪ ಎಂದೋ ಸತ್ತಿದ್ದರೆ ಅವನ ಆತ್ಮ ಯಾರ ಪ್ರಾರ್ಥನೆಯೂ ಇಲ್ಲದೆ ಇಷ್ಟು ವರ್ಷ ಸ್ವರ್ಗದ ಬಾಗಿಲಿನ ಕ್ಯೂನಲ್ಲಿ ನಿಂತಿರಬೇಕಲ್ಲ ಎಂಬ ಭಯ. ಬದುಕಿದ್ದರೆ, ನೂರಮೂರು ವರ್ಷದ ಆ ಜೀವಕ್ಕೆ ಸತ್ತವರ ಪ್ರಾರ್ಥನೆ ಹೇಳಿಸಿದ ಪಾಪ ತನಗೆ ತಟ್ಟುತ್ತದಲ್ಲ ಎಂಬ ಇನ್ನೊಂದು ಭಯ. ಪ್ರತಿ ವಾರ ಫೋನಿನಲ್ಲಿ ಅವಳದು ಒಂದೇ ಮಾತು.

"ಬೊನ್ನಾ, ನಾನು ಹೋಗುವ ಮೊದ್ಲು ಇನಾಸ್ ಚಿಕ್ಕಪ್ಪನದ್ದು ಒಂದು ಇತ್ಯರ್ಥ ಆಗ್ಬೇಕು. ನಿನ್ಗೆ ಕಾಗದದ್ದೇ ಕೆಲಸ ಅಲ್ವಾ? ಒಂದು ಹೆಸರು ಹುಡುಕ್ಲಿಕ್ಕೆ ಆಗುದಿಲ್ವಾ?"

ಸಾವಿರಾರು ನಕ್ಷೆಗಳಿಗೆ ಜಾಗ ತೋರಿಸಿದವನಿಗೆ ಮನೆಯ ಒಂದೇ ಒಂದು ಹೆಸರನ್ನು ಯಾವ ಫೈಲಿಗೆ ಸೇರಿಸಬೇಕೆಂದು ತಿಳಿಯದ ದುಃಖ ಇತ್ತು. ಎಂಭತ್ತೇಳನೆಯ ನಂಬರನ್ನು ಕಂಡಮೇಲೆ ಅದು ಹಗಲುಗನಸಾಗಿ ಬೆಳೆಯಿತು. ಮೊಹರು ಹಿಡಿದು ಕೂತರೆ ಅವನಿಗೆ ಆ ಪಾರ್ಲಿಮೆಂಟು ಕಾಣುತ್ತಿತ್ತು. ಒಂದು ದೊಡ್ಡ ಇಗರ್ಜಿ, ಕಿಟಕಿಗಳೆಲ್ಲ ಸಮುದ್ರಕ್ಕೆ ತೆರೆದಿವೆ, ಗಾಳಿಗೆ ಕಾಗದಗಳು ಮೆಲ್ಲಗೆ ಹಾರುತ್ತಿವೆ, ಸದಸ್ಯರೆಲ್ಲ ಅರೆನಿದ್ರೆಯಲ್ಲಿದ್ದಾರೆ. ಬಿಳಿ ಕೋಟಿನ ಇನಾಸಜ್ಜ ಎದ್ದು ನಿಂತು, ಬೊನ್ನಾ, ಎಂಭತ್ತೇಳು ನಾನೇ, ಇಲ್ಲೊಂದು ಮೊಹರು ಒತ್ತು ಎಂದು ಕೊಂಕಣಿಯಲ್ಲಿ ಹೇಳುತ್ತಿದ್ದ. ಇವನು ಮೇಜಿನ ಮೇಲಿನ ಯಾವುದೋ ಚರಂಡಿ ನಕ್ಷೆಗೆ ಠಪ್ಪೆಂದು ಒತ್ತುತ್ತಿದ್ದ. ಎರಡು ಚರಂಡಿಗಳು ಹೀಗೆ ಅಕಾಲದಲ್ಲಿ ಮಂಜೂರಾದವು.

ಕನಸನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಈ ಕಥೆಗೆ ಕೆಲಸವಿರಲಿಲ್ಲ. ಮುಂದಿನ ಶುಕ್ರವಾರ, ದೋಹಾದ ವಾರದ ರಜೆಯಂದು, ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಗೆ ಬಂದಾಗ ಬೊನವೆಂಚರ್ ಕೆನೆತ್‌ನ ಬಳಿ, ಆಫ್ರಿಕದ ಪಾರ್ಲಿಮೆಂಟಿನಲ್ಲಿ ನಮ್ಮ ಇನಾಸಜ್ಜನ ಸಂತಾನದವರೊಬ್ಬರು ಇರಬಹುದು ಎಂದ. ಕೆನೆತ್ ದೋಹಾದ ಕರಾವಳಿಯವರ ಒಂದು ಸಂಘದ ಅಧ್ಯಕ್ಷ. ಆ ಸಂಘದಲ್ಲಿ ಮೂರು ಗುಂಪುಗಳಿದ್ದು, ಮೂರೂ ಗುಂಪಿನವರಿಗೆ ಕೆನೆತ್ ಬೇಡವಾಗಿದ್ದರೂ ಬದಲಿಗೆ ಯಾರು ಎಂಬುದರಲ್ಲಿ ಒಮ್ಮತ ಬಾರದೆ ಆರು ವರ್ಷದಿಂದ ಅವನೇ ಮುಂದುವರಿದಿದ್ದ. ಸಮಾರಂಭ ಮಾಡದೆ ಬದುಕಲಾರದ ಮನುಷ್ಯ. 'ಇರಬಹುದು' ಎಂಬುದನ್ನು ಅವನು ಅಲ್ಲೇ ಪಾರ್ಕಿಂಗಿನಲ್ಲಿ ಬಿಟ್ಟು ಉಳಿದದ್ದನ್ನು ಹೊತ್ತುಕೊಂಡು ಹೋದ.

ಜೂನಿನಲ್ಲಿ ಜನರ ಬಾಯಲ್ಲಿ ಆ ಐ. ಪಿಂಟೊ ಬೊನವೆಂಚರನ ಅಣ್ಣನೇ ಆಗಿ, ಅಣ್ಣ ಆಫ್ರಿಕದಲ್ಲಿ ಎಂಪಿ ಎಂದಾಯಿತು. ಜುಲೈಯ ಬಿಸಿಲಿಗೆ ಮಂತ್ರಿಯಾದ. ಆಗಸ್ಟಿನಲ್ಲಿ ಊರಿಗೆ ರಜೆಗೆ ಹೋದವರೆಲ್ಲ ವಾಪಸು ಬರುವಾಗ, ಬೊನವೆಂಚರನ ಅಣ್ಣನೇ ಅಲ್ಲಿನ ಪ್ರಧಾನಿ, ವಿನಯದಿಂದ ಹೇಳಿಕೊಳ್ಳುತ್ತಿಲ್ಲ ಅಷ್ಟೆ ಎಂಬ ಸುದ್ದಿ ಊರಿನಿಂದಲೇ ಬಂತು. ಬೊನವೆಂಚರನ ಹೆಂಡತಿ ಜೂಲಿಯೆಟ್ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು, ಯಾವಾಗಲೂ ಕಾಲು ನೆಲದ ಮೇಲೇ ಇಟ್ಟುಕೊಂಡವಳು. ಅವಳಿಗೂ ಇಗರ್ಜಿಯಲ್ಲಿ ಹಾಡುವ ಕಾಯರಿನಲ್ಲಿ ಮೊದಲ ಸಾಲು ಸಿಕ್ಕಿತು. ಇದು ಸುಳ್ಳೆಂದು ಹೇಳಿಬಿಡಿ ಎಂದು ಗಂಡನಿಗೆ ಗದರುತ್ತಿದ್ದವಳು ಆಮೇಲೆ ತುಸು ಮೆತ್ತಗಾದಳು.

ದೋಹಾದ ಮುಐದರ್ ಬಡಾವಣೆಯ ಒಂದು ವಿಲ್ಲಾದಲ್ಲಿ ಮೇಲಿನ ಭಾಗ ಪಿಂಟೊಗಳದ್ದು, ಕೆಳಗಿನದು ಅಲಿಯಬ್ಬ ಮತ್ತು ಅವನ ಹೆಂಡತಿ ಸಫೂರಾಳದ್ದು. ಉಳ್ಳಾಲದ ಕಡೆಯ ಬ್ಯಾರಿ ಅಲಿಯಬ್ಬನಿಗೆ ಬೀದಿಯ ಮೂಲೆಯಲ್ಲಿ ದಿನಸಿ ಅಂಗಡಿ. ಊರಿನಲ್ಲಿ ಅವನ ಭಾವ ಇಮ್ತಿಯಾಝ್‌ನ ಗೇರುಬೀಜದ ಕಾರ್ಖಾನೆಗೆ ಆಫ್ರಿಕದಿಂದಲೇ ಬೀಜ ಬರಬೇಕು. ಪ್ರಧಾನಿಗಳಿಗೆ ಈ ವಿಷಯ ಸಾವಕಾಶವಾಗಿ ತಿಳಿಸಬೇಕೆಂದು ಅವನು ಮೆಟ್ಟಿಲು ಹತ್ತಿ ಬಂದು ಹೇಳಿದ. ಬೊನವೆಂಚರ್, ಅದು ಹಾಗಲ್ಲ ಬ್ಯಾರಿಗಳೇ, ಅದು ಬರೀ ಐ. ಪಿಂಟೊ ಎಂದು ನಿಜ ಬಿಚ್ಚಿಟ್ಟ. ಅಲಿಯಬ್ಬ ಕಣ್ಣು ಮಿಟುಕಿಸಿ, ದೊಡ್ಡವರ ಮನೆಯವರು ಹೀಗೇ ಮಾತಾಡುವುದೆಂದು ತಿಳಿದು ಖುಷಿಯಿಂದ ಇಳಿದುಹೋದ.

ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಸುದ್ದಿ ಬಂತು. ದೋಹಾದಲ್ಲಿ ಹಲವು ದೇಶಗಳ ಸಂಸದರ ಒಂದು ಸಮ್ಮೇಳನ, ಅದಕ್ಕೆ ಆ ದೇಶದಿಂದಲೂ ಎಂಟು ಮಂದಿ. ಎಂಟರಲ್ಲಿ ಒಬ್ಬರು ಐ. ಪಿಂಟೊ. ಸುದ್ದಿ ತಂದವನು ಅಲಿಯಬ್ಬನ ಅಣ್ಣನ ಮಗ ಅಝರ್. ಆ ಎಂಟು ಮಂದಿಯ ಮಿನಿಬಸ್ಸಿಗೆ ಅವನೇ ಡ್ರೈವರ್. ಅವನು ಹೇಳಿದ ಪ್ರಕಾರ ಆ ಬಸ್ಸು ನಡೆಸುವುದಕ್ಕಿಂತ ಲಾರಿ ನಡೆಸುವುದು ಸುಖ. ಚುನಾವಣೆಯಲ್ಲಿ ಮೂರು ಪಕ್ಷಗಳಲ್ಲಿ ಯಾವುದಕ್ಕೂ ಬಹುಮತ ಸಿಗಲಿಲ್ಲ. ಐದು ತಿಂಗಳಾದರೂ ಸ್ಪೀಕರನ ಆಯ್ಕೆ ಆಗಿಲ್ಲ, ಸದನ ಒಂದು ನಿಮಿಷವೂ ಕಲಾಪ ನಡೆಸಿಲ್ಲ. ಬಸ್ಸಿನಲ್ಲಿ ಪಕ್ಷಕ್ಕೊಂದು ಸಾಲು, ಮುಂದೆ ಮೂರು, ಹಿಂದೆ ಮೂರು, ನಡುವೆ ಇಬ್ಬರು. ಯಾರು ಯಾರ ಕಡೆಗೆ ಹಾರುತ್ತಾರೋ ಎಂದು ಎಲ್ಲರಿಗೂ ಎಲ್ಲರ ಮೇಲೂ ಕಣ್ಣು, ಒಬ್ಬರು ನೀರು ಕೊಳ್ಳಲು ಇಳಿದರೂ ಏಳು ಮಂದಿ ಹಿಂದೆ ಇಳಿಯುತ್ತಾರೆ.

"ನಮ್ಮಲ್ಲಿ ರೆಸಾರ್ಟಿಗೆ ಕರ್ಕೊಂಡು ಹೋಗ್ತಾರೆ. ಇವರನ್ನು ಕತಾರಿಗೆ ಕರ್ಕೊಂಡು ಬಂದಿದ್ದಾರೆ, ಅಷ್ಟೇ," ಎಂದ ಅಲಿಯಬ್ಬ.

ಬೊನವೆಂಚರ್ ತನಗೆ ತಿಳಿದ ಒಂದೇ ವಿಧದಲ್ಲಿ ಕಾಗದ ಬರೆದ. ಕಂಪನಿಯ ನಕ್ಷೆ ಕಳಿಸುವ ನಮೂನೆಯಲ್ಲಿ, ನಂಬರು ಹಾಕಿ, ವಿಷಯ ಎಂಬಲ್ಲಿ 'ಇನಾಸ್ ಪಿಂಟೊ, ದರ್ಜಿ, ಮಂಗಳೂರು ಬಿಟ್ಟದ್ದು 1946' ಎಂದು ತುಂಬಿ, ತಮಗೆ ಇವರ ಸುದ್ದಿ ಏನಾದರೂ ಗೊತ್ತೇ ಎಂದು ಮಾನ್ಯ ಐ. ಪಿಂಟೊ ಸರ್ ಅವರನ್ನು ಕೇಳಿದ. ಕೆಳಗೆ ಎಂದಿನಂತೆ ನಾಲ್ಕು ಚೌಕ: ಒಪ್ಪಿದೆ, ಟಿಪ್ಪಣಿಯೊಂದಿಗೆ ಒಪ್ಪಿದೆ, ತಿದ್ದಿ ಕಳಿಸಿ, ತಿರಸ್ಕರಿಸಿದೆ. ಅಝರ್ ಅದನ್ನು ಹೋಟೆಲಿನ ಕೌಂಟರಿನಲ್ಲಿ ಕೊಟ್ಟು, ಮರುದಿನ ಅಲ್ಲಿಂದಲೇ ಉತ್ತರ ತಂದ. ಎರಡನೆಯ ಚೌಕಕ್ಕೆ ಗುರುತು ಹಾಕಿತ್ತು. ಟಿಪ್ಪಣಿ ಇಂಗ್ಲಿಷಿನಲ್ಲಿ: ಗುರುವಾರ ಸಂಜೆ ನಿಮ್ಮ ಮನೆಗೆ ಬರುತ್ತೇನೆ. ಒಬ್ಬರೇ ಬರಲು ಬಿಡುವುದಿಲ್ಲ, ಎಂಟು ಮಂದಿ.

ಜೂಲಿಯೆಟ್ ರಜೆ ಹಾಕಿ ಅಕ್ಕಿಯ ಸನ್ನ ಬೇಯಿಸಿದಳು, ಕೋಳಿ ಸಾರು ಮಾಡಿದಳು. ಸಫೂರಾ ಕೆಳಗಿನಿಂದ ಕುರ್ಚಿಗಳನ್ನೂ ಒಂದು ಹಂಡೆ ಬಿರಿಯಾನಿಯನ್ನೂ ಕಳಿಸಿದಳು. ಕೆನೆತ್ 'ಕರಾವಳಿಯ ಕುವರ ಮಾನ್ಯ ಇನಾಸ್ ಪಿಂಟೊ (ಜೂನಿಯರ್) ಅವರಿಗೆ ಸ್ವಾಗತ' ಎಂಬ ಬ್ಯಾನರನ್ನು ಸೋಫಾದ ಹಿಂದೆ ಕಟ್ಟಿ, ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಇಟ್ಟುಕೊಂಡು ಕಾದ. ಊರಿನಲ್ಲಿ ಮರೀನತ್ತೆ ಮಧ್ಯಾಹ್ನದಿಂದಲೇ ಮದುವೆಯ ಸೀರೆ ಉಟ್ಟು ಗ್ಯಾವಿನ್‌ನ ಫೋನಿನ ಮುಂದೆ ಕೂತಿದ್ದಳು. ಅವಳ ಮುಖ ಮೇಜಿನ ಮೇಲಿನ ನೀರಿನ ಜಗ್ಗಿಗೆ ಒರಗಿಸಿಟ್ಟ ಬೊನವೆಂಚರನ ಫೋನಿನಲ್ಲಿ ಕಾಣುತ್ತಿತ್ತು. ಹೊರಗೆ ಬಿಸಿಲು ಇಳಿದು, ಧೂಳು ತುಂಬಿದ ಬೆಳಕು ಗೋಡೆಗಳ ಮೇಲೆ ಕೇಸರಿಯಾಗಿ ನಿಂತಿತ್ತು. ಬೊನವೆಂಚರನಿಗೆ ಎಚ್ಚರವೋ ಕನಸೋ ಎಂಬುದು ಸರಿಯಾಗಿ ತಿಳಿಯುತ್ತಿರಲಿಲ್ಲ.

ಬಸ್ಸಿನಿಂದ ಎಂಟು ಮಂದಿ ಇಳಿದರು. ಐ. ಪಿಂಟೊ ಯಾರೆಂದು ಕೆನೆತ್ ಕೇಳಿದಾಗ, ಹಸಿರು ಬಟ್ಟೆಯ, ಎತ್ತರದ, ನಡುವಯಸ್ಸಿನ ಕಪ್ಪು ಹೆಂಗಸೊಬ್ಬಳು ಮುಂದೆ ಬಂದು, ನಾನೇ, ಇಸಾವ್ರಾ ಪಿಂಟೊ ಎಂದಳು. ಕೆನೆತ್ ಒಂದು ಕ್ಷಣ ಬ್ಯಾನರನ್ನೂ ಅವಳನ್ನೂ ನೋಡಿದ. ಆದರೆ ಎತ್ತಿದ ಪೇಟವನ್ನು ಇಳಿಸುವುದು ಅವನ ಜಾಯಮಾನವಲ್ಲ. ಆಕೆಯ ತಲೆಗೆ ಅದನ್ನಿಟ್ಟು, ಶಾಲು ಹೊದಿಸಿ, ಹಾರ ಹಾಕಿದ. ಉಳಿದ ಏಳು ಮಂದಿ ತಮಗಿಲ್ಲದ ಈ ಪಟ್ಟಾಭಿಷೇಕ ಯಾವ ಒಪ್ಪಂದದ ಮೇಲೆ ನಡೆಯುತ್ತಿದೆಯೆಂದು ಗುಸುಗುಸು ಮಾತಾಡಿಕೊಂಡರು. ಅಲಿಯಬ್ಬ ಸಂದು ನೋಡಿ ಗೇರುಬೀಜದ ಮಾತೆತ್ತಿದ, ಮೂರೂ ಪಕ್ಷದವರು ಬೇರೆ ಬೇರೆ ದರ ಹೇಳಿದರು.

ಎಲ್ಲರೂ ಕೂತ ಮೇಲೆ ಬೊನವೆಂಚರ್, ನಿಮ್ಮ ಅಜ್ಜ ದರ್ಜಿ ಇನಾಸರೇ ಎಂದು ಕೇಳಿದ. ಇಸಾವ್ರಾ ಸುಳ್ಳು ಹೇಳಲಿಲ್ಲ. ರಾಜಕಾರಣಿಯಾಗಿ ಅದು ದೊಡ್ಡ ಮಾತೇ. ತನ್ನ ಅಜ್ಜ ಮೀನು ಹಿಡಿಯುವವನು. ಒಂದು ಭಾನುವಾರ ಪೋರ್ಚುಗೀಸ್ ಪಾದ್ರಿಯೊಬ್ಬ ಬಂದು ಹಳ್ಳಿಯವರ ತಲೆಗೆ ನೀರು ಹಾಕಿದ. ಸಾಲಿನಲ್ಲಿ ನಿಂತ ಅರ್ಧ ಜನಕ್ಕೆ ತನ್ನದೇ ಹೆಸರು ಕೊಟ್ಟ, ಪಿಂಟೊ. ಆ ಹಳ್ಳಿಯಲ್ಲಿ ಕಲ್ಲು ಎಸೆದರೆ ಪಿಂಟೊಗೇ ಬೀಳುತ್ತದೆ ಎಂದಳು. ಬೊನವೆಂಚರನಿಗೆ ತನ್ನ ಮನೆಯ ಚರಿತ್ರೆಯೂ ಇಷ್ಟೇ ಎಂಬುದು ಆ ಕ್ಷಣ ಹೊಳೆಯಿತು. ತನ್ನ ಮುತ್ತಜ್ಜನ ಮುತ್ತಜ್ಜನೂ ಅಂಥದೇ ಒಂದು ಸಾಲಿನಲ್ಲಿ, ಅಂಥವನೇ ಒಬ್ಬ ಪಾದ್ರಿಯ ಮುಂದೆ ತಲೆ ಬಾಗಿಸಿ ನಿಂತಿದ್ದಿರಬೇಕು. ಹೆಸರೊಂದು ಸಿಕ್ಕಿತ್ತು, ರಕ್ತ ಯಾರದೂ ಯಾರಿಗೂ ಸಿಕ್ಕಿರಲಿಲ್ಲ.

ಕೆನೆತ್ ಮೆಲ್ಲಗೆ ಹೋಗಿ ಬ್ಯಾನರಿನ ಒಂದು ತುದಿ ಬಿಚ್ಚಿದ. ಅದು ಇಳಿಬಿದ್ದು 'ಕರಾವಳಿಯ ಕುವ' ಎಂಬಷ್ಟು ಉಳಿಯಿತು. ಬೊನವೆಂಚರನಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಜಗ್ಗಿಗೆ ಒರಗಿದ ಫೋನಿನಿಂದ ಮರೀನತ್ತೆಯ ದನಿ ಕೇಳಿತು.

"ಬೊನ್ನಾ, ಎಂಥ ಹೇಳಿದ್ಲು ಅವ್ಳು? ಚಿಕ್ಕಪ್ಪ ಇದ್ದಾರಾ, ಇಲ್ವಾ?"

ಅವನು ಜಗ್ಗಿಗೆ ಒರಗಿದ ಫೋನನ್ನು ನೆಟ್ಟಗೆ ಮಾಡಿದ. ಆ ಅಜ್ಜಿ ಯಾರು, ಏನು ಕೇಳುತ್ತಿದ್ದಾರೆ ಎಂದು ಇಸಾವ್ರಾ ವಿಚಾರಿಸಿದಳು. ಬೊನವೆಂಚರ್ ಎಲ್ಲವನ್ನೂ ಹೇಳಿದ. ಬಿಳಿ ಕೋಟು, ಎರಡು ಕಾಗದ, ಮುತ್ತಜ್ಜಿಯ ಅಪ್ಪಣೆ, ನವೆಂಬರಿನ ಚೀಟಿ, ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಹೆಸರು. ಅವಳು ಅದನ್ನು ತಮ್ಮ ಭಾಷೆಯಲ್ಲಿ ಉಳಿದವರಿಗೆ ತಿಳಿಸಿದಳು. ಹಿಂದಿನ ಸೀಟಿನ ಪಕ್ಷದವನೊಬ್ಬ, ನಮ್ಮಲ್ಲಿ ಸತ್ತವರ ಹೆಸರು ಮತದಾರರ ಪಟ್ಟಿಯಿಂದ ಹೋಗುವುದೇ ಇಲ್ಲ, ಈ ಬಾರಿ ಮುಂದಿನ ಸೀಟಿನವರಿಗೆ ಗೆಲುವು ಕೊಟ್ಟವರೇ ಅವರು ಎಂದ. ಮುಂದಿನ ಸೀಟಿನವರು ಎದ್ದು ನಿಂತರು. ಒಂದೈದು ನಿಮಿಷ ಬೊನವೆಂಚರನ ಹಾಲಿನಲ್ಲಿ ಪ್ರಜಾಪ್ರಭುತ್ವ ಜೋರಾಗಿ ನಡೆಯಿತು.

ಆಗ ನಡುವಿನ ಸೀಟಿನ ಇಬ್ಬರಲ್ಲಿ ಹಿರಿಯರು ಕೈ ಎತ್ತಿದರು. ಮೊದಲು ಶಾಲಾ ಮಾಸ್ತರರಾಗಿದ್ದವರು, ತಲೆಯೆಲ್ಲ ಬೆಳ್ಳಗೆ. ಅವರು ಹೇಳುತ್ತಾ ಹೋದರು, ಇಸಾವ್ರಾ ಇಂಗ್ಲಿಷಿಗೆ ತಿರುಗಿಸಿದಳು. ಅವರದು ಬಂದರಿನ ಊರು. ಅಲ್ಲಿ ಹಿಂದೆ ಇಂಡಿಯಾದ ದರ್ಜಿಗಳು, ಅಡಿಗೆಯವರು, ರೈಲ್ವೆ ಗುಮಾಸ್ತರು ಇದ್ದರು. ಗೋರಿಗಳ ಜಾಗದಲ್ಲಿ ಸಮುದ್ರದ ಕಡೆಗೆ ಅವರದ್ದೊಂದು ಮೂಲೆ. ಕಲ್ಲಿನ ಮೇಲಿನ ಹೆಸರುಗಳನ್ನು ಉಪ್ಪುಗಾಳಿ ತಿಂದುಹಾಕಿದೆ. ಚಿಕ್ಕವರಿದ್ದಾಗ ಸತ್ತವರ ಹಬ್ಬದಂದು ತಾಯಿ ಅಲ್ಲಿಗೂ ಹೂವು ಕೊಟ್ಟು ಕಳಿಸುತ್ತಿದ್ದಳು, ಇವರಿಗೆ ಯಾರೂ ಇಲ್ಲ, ನೀವು ಇಟ್ಟು ಬನ್ನಿ ಎಂದು.

"ನಿಮ್ಮವರು ಅಲ್ಲಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ," ಎಂದರು ಅವರು. "ಹೂವು ಮಾತ್ರ ಇಟ್ಟಿದ್ದೇನೆ. ನಮ್ಮ ಮಣ್ಣಿನಲ್ಲಿ ಸತ್ತವರಾದರೆ ಸದನ ಸಂತಾಪ ಸೂಚಿಸಬಹುದು."

ಕೂಡಲೇ ಕ್ರಿಯಾಲೋಪ ಎದ್ದಿತು. ಸ್ಪೀಕರೇ ಇಲ್ಲದೆ ಸದನವೆಲ್ಲಿ ಎಂದರು ಮುಂದಿನವರು. ಸ್ಪೀಕರ್ ಇಲ್ಲದಾಗ ಹಿರಿಯ ಸದಸ್ಯರು ಕೂರಬೇಕೆಂಬ ನಿಯಮವಿದೆ ಎಂದರು ಹಿಂದಿನವರು. ಮುಂದಿನವರು ಯೋಚಿಸಿ, ಅದು ಸರಿ ಎಂದರು. ಐದು ತಿಂಗಳಲ್ಲಿ ಎರಡು ಪಕ್ಷಗಳು ಒಪ್ಪಿದ ಮೊದಲ ವಿಷಯ ಅದು, ತಾವು ಒಪ್ಪಿದ್ದು ತಿಳಿದಾಗ ಎರಡೂ ಕಡೆಯವರಿಗೆ ಗಾಬರಿಯಾಯಿತು. ಮರಣದ ಪ್ರಮಾಣಪತ್ರ ಎಲ್ಲಿ ಎಂದು ಯಾರೋ ಕೇಳಿದರು. ಆ ವ್ಯಕ್ತಿಯ ವಯಸ್ಸು ನೂರಮೂರು, ಕಾಗದ ಬರೆದು ಎಪ್ಪತ್ತೊಂಬತ್ತು ವರ್ಷ, ಇದಕ್ಕಿಂತ ಹೆಚ್ಚಿನ ದಾಖಲೆ ತನ್ನ ಬಳಿಯಿಲ್ಲ ಎಂದು ಬೊನವೆಂಚರ್ ಎದ್ದು ನಿಂತು ಹೇಳಿದ. ಕಂಪನಿಯ ಯಾವ ಮೀಟಿಂಗಿನಲ್ಲೂ ಅವನು ಹಾಗೆ ಗಟ್ಟಿಯಾಗಿ ಮಾತಾಡಿದವನಲ್ಲ.

ಮಾಸ್ತರರು ಸೋಫಾದ ಮುಂದೆ ಎದ್ದು ನಿಂತರು. ಇಸಾವ್ರಾ ಪೇಟ ತೆಗೆದು ಜೂಲಿಯೆಟ್ ಕೈಗೆ ಕೊಟ್ಟಳು. ದರ್ಜಿ ಇನಾಸ್ ಪಿಂಟೊ, ಮಂಗಳೂರಿನಿಂದ ಬಂದವರು, ನಮ್ಮವರ ಬಟ್ಟೆ ಹೊಲಿದವರು, ಎಂದು ಮಾಸ್ತರರು ಹೇಳಿ ತಲೆ ತಗ್ಗಿಸಿದರು. ಎಂಟು ಮಂದಿಯೂ ಸಾಲಾಗಿ ಎದ್ದು ನಿಂತರು, ಮುಂದಿನವರು, ಹಿಂದಿನವರು, ನಡುವಿನವರು. ಅಲಿಯಬ್ಬ ಟೋಪಿ ಸರಿಮಾಡಿಕೊಂಡು ನಿಂತ. ಬಾಗಿಲಲ್ಲಿ ಅಝರ್, ಅಡಿಗೆಮನೆಯ ಹೊಸ್ತಿಲಲ್ಲಿ ಸಫೂರಾ. ಎಸಿಯ ಸದ್ದು ಮಾತ್ರ ಕೇಳುತ್ತಿತ್ತು. ಕಿಟಕಿಯ ಕೇಸರಿ ಬೆಳಕು ನಿಧಾನವಾಗಿ ಮಾಸಿತು, ಎಲ್ಲಿಂದಲೋ ಸಂಜೆಯ ಮಗ್ರಿಬ್ ನಮಾಜಿನ ಬಾಂಗು ತೇಲಿಬಂತು. ಬೊನವೆಂಚರ್ ತಿಂಗಳುಗಟ್ಟಲೆ ಕಂಡ ಕನಸಿನ ಸದನ ಅವನದೇ ಹಾಲಿನಲ್ಲಿ ನಿಂತಿತ್ತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂದೂ ತೋಚಲಿಲ್ಲ.

"ಅವರೆಲ್ಲ ಯಾಕೆ ನಿಂತಿದ್ದಾರೆ?" ಎಂದು ಫೋನಿನಲ್ಲಿ ಮರೀನತ್ತೆ ಪಿಸುಗುಟ್ಟಿದಳು.

"ಅವರು ಒಂದು ದೇಶದ ಪಾರ್ಲಿಮೆಂಟಿನವರು, ಅತ್ತೆ. ಇನಾಸಜ್ಜನಿಗೋಸ್ಕರ ನಿಂತಿದ್ದಾರೆ."

"ಎಲ್ಲರೂ ನಿಂತಿದ್ದಾರಾ?"

"ಎಲ್ಲರೂ. ಒಬ್ಬರೂ ಕೂತಿಲ್ಲ."

ಅತ್ತೆ ಶಿಲುಬೆಯ ಗುರುತು ಮಾಡಿಕೊಂಡಳು. "ಹಾಗಾದ್ರೆ ಚಿಕ್ಕಪ್ಪ ಹೋಗಿದ್ದಾರೆ," ಎಂದಳು. ಎಂದವಳೇ ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು. ಬಂದರಿನ ದಂಡೆಯಲ್ಲಿ ನಿಂತ ಏಳು ವರ್ಷದ ಹುಡುಗಿ ಅತ್ತ ಹಾಗೆ, ದೊಡ್ಡ ದನಿಯಲ್ಲಿ, ಯಾರ ಸಂಕೋಚವೂ ಇಲ್ಲದೆ ಅತ್ತಳು. ಇಸಾವ್ರಾ ಫೋನಿನ ಮುಂದೆ ಮಂಡಿಯೂರಿ ತನ್ನ ಭಾಷೆಯಲ್ಲಿ ಏನೋ ಸಮಾಧಾನ ಹೇಳಿದಳು. ಅತ್ತೆ ಕೊಂಕಣಿಯಲ್ಲಿ ಉತ್ತರ ಕೊಟ್ಟಳು. ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ತಲೆಯಾಡಿಸಿದರು.

ಅಳು ನಿಂತ ಮೇಲೆ ಅತ್ತೆಗೆ ಕೂಡಲೇ ಮನೆತನ ನೆನಪಾಯಿತು. ಬಂದವರಿಗೆ ಏನು ಮಾಡಿದ್ದೀ ಎಂದು ಜೂಲಿಯೆಟ್‌ಗೆ ಕೇಳಿದಳು. ಕೋಳಿ ಸಾರು, ಬಿರಿಯಾನಿ ಎಂದು ತಿಳಿದು ಕಿಡಿಕಿಡಿಯಾದಳು. ಪಿಂಟೊಗಳ ಮನೆಯಲ್ಲಿ ಸಾವಾದ ದಿನ ಕೋಳಿ ಬೇಯಿಸಿದವರಿಲ್ಲ, ಎಪ್ಪತ್ತೊಂಬತ್ತು ವರ್ಷ ತಡವಾದರೂ ಸಾವು ಸಾವೇ. ಬಿರಿಯಾನಿ ಹಂಡೆ ಮುಚ್ಚಿ ಕೆಳಗೆ ಹೋಯಿತು. ಅಲಿಯಬ್ಬನ ಅಂಗಡಿಯಿಂದ ಕುಚ್ಚಲಕ್ಕಿ ಬಂತು. ಗಂಜಿ ಬೇಯಲು ಒಂದು ಗಂಟೆಯಾಯಿತು. ಅಷ್ಟು ಹೊತ್ತೂ ಯಾವ ಪಕ್ಷದವರೂ ಸಭಾತ್ಯಾಗ ಮಾಡಲಿಲ್ಲ. ಗಂಜಿಗೂ ಮಾವಿನ ಮಿಡಿ ಉಪ್ಪಿನಕಾಯಿಗೂ ಎಂಟು ಮಂದಿ ಒಂದೇ ಚಾಪೆಯ ಮೇಲೆ, ಪಕ್ಷ ನೋಡದೆ ಸಿಕ್ಕಲ್ಲಿ ಕೂತರು. ಹಿಂದಿನ ಸೀಟಿನವನು ಮುಂದಿನ ಸೀಟಿನವನ ಬಟ್ಟಲಿಗೆ ಉಪ್ಪು ಹಾಕಿದ, ಅವನು ಬೇಡವೆನ್ನಲಿಲ್ಲ.

ಬೊನವೆಂಚರ್ ಫೋನನ್ನು ಚಾಪೆಯ ಕಡೆಗೆ ತಿರುಗಿಸಿ ಹಿಡಿದ. ಮರೀನತ್ತೆ ಕಣ್ಣು ಕಿರಿದಾಗಿಸಿ ಒಬ್ಬೊಬ್ಬರನ್ನೂ ನೋಡಿದಳು.

"ಉಣ್ಲಿ, ಉಣ್ಲಿ," ಎಂದಳು. "ಚಿಕ್ಕಪ್ಪನ ಸಾವಿಗೆ ಇಷ್ಟು ಜನ ಬರ್ತಾರೆ ಅಂತ ನಾನು ಎಣಿಸಿರ್ಲಿಲ್ಲ, ಬೊನ್ನಾ."